ಅಪ್ಪಟ ಎಂಬ ಶಿಕ್ಕಾ

ಇಲಕಲ್ಲ
೧೮ ಆಗಸ್ಟ್ ೧೯೭೮

ಚಿರಂಜೀವಿ ಗುರುಲಿಂಗವ್ವಳಿಗೆ ಅಪ್ಪನ ಆಶೀರ್ವಾದ.

ಮೊದಲು ಖರ್ಚು ಬರೆಯುತ್ತೇನೆ, ಕ್ಷೇಮ ಆಮೇಲೆ. ನಿಮ್ಮ ಬಾದಾಮಿ ಶಾಲೆಗೆ ನೀತಿಯನ್ನು ತಂದು ಮುಟ್ಟಿಸಲು ನನಗೆ ಬಿದ್ದದ್ದು ಇಷ್ಟು. ನೀತಿ ಪಾಠದ ಪುಸ್ತಕ ಐದು ನೂರು ಪ್ರತಿ, ಬಾಗಲಕೋಟೆಯ ಪ್ರೆಸ್ಸಿನವನಿಗೆ ನಾಲ್ಕು ನೂರಾ ಹತ್ತು ರೂಪಾಯಿ. ಬಾಡಿಗೆ ಕಾರು, ಹೋಗಿ ಬರಲು, ನೂರಾ ಇಪ್ಪತ್ತು. ಬಸ್ಸಿನಲ್ಲಿ ಬಂದ ಅತಿಥಿಗೆ ಮಾಲೆ ಸಣ್ಣದಾಗುತ್ತದೆ ಎಂದು ತಿಮ್ಮಣ್ಣ ಹೇಳಿದ್ದ. ಮಕ್ಕಳಿಗೆ ಪೇಢೆ ಎಂಬತ್ತು. ನನ್ನ ಕೊರಳಿಗೆ ಹಾಕಿದ ಮಾಲೆಯ ದುಡ್ಡನ್ನೂ ನನ್ನಿಂದಲೇ ಇಸಿದುಕೊಂಡರು, ಹನ್ನೆರಡು. ಭಾಷಣ ಮಾಡಿ ಗಂಟಲು ಕಟ್ಟಿ ಎರಡು ದಿನ ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ವ್ಯಾಪಾರ ಮಾಡಿದ್ದಕ್ಕೆ ಬೆಲೆ ಕಟ್ಟಿಲ್ಲ.

ಆದರೂ ದಂಡವಾಯಿತು ಎನ್ನುವುದಿಲ್ಲ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹೆಗಲ ಮೇಲೆ ಸೀರೆಯ ಗಂಟು ಹೊತ್ತು ಊರೂರು ತಿರುಗಿದವನು. ಅಂಥವನ ಕೈಯಿಂದ ಆಗಸ್ಟ್ ಹದಿನೈದರ ಧ್ವಜ ಹಾರಿಸಿದರು. ಹಗ್ಗ ಎಳೆಯುವಾಗ ನೀನು ಶಿಕ್ಷಕಿಯರ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಹೆಮ್ಮೆಯಿಂದಲೋ ನಾಚಿಕೆಯಿಂದಲೋ ಕಟ್ಟೆಯ ಮೇಲಿನಿಂದ ತಿಳಿಯಲಿಲ್ಲ.

ಭಾಷಣದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ಮೈಕು ಅರ್ಧಕ್ಕೆ ಕೆಟ್ಟಿತು. ಈಗಿನ ಶಾಲೆಗಳಲ್ಲಿ ಎಲ್ಲವನ್ನೂ ಕಲಿಸುತ್ತಾರೆ, ಮನುಷ್ಯನಾಗುವುದನ್ನು ಬಿಟ್ಟು. ಹೋದ ಮಾರ್ಚ್‌ನಲ್ಲಿ ಇಲ್ಲಿಯ ಒಂದು ಶಾಲೆಯಲ್ಲಿ ಪರೀಕ್ಷೆ ನಡೆದಾಗ ಒಬ್ಬ ತಂದೆ ಮಗನಿಗೆ ಚೀಟಿ ಮುಟ್ಟಿಸಲು ನಿಚ್ಚಣಿಕೆ ಹೊತ್ತು ತಂದದ್ದನ್ನು ಕಣ್ಣಾರೆ ಕಂಡೆ. ನಿಚ್ಚಣಿಕೆ ಆ ಶಾಲೆಯದೇ! ಅಂಥ ಹುಡುಗ ನಾಳೆ ಓವರ್ಸಿಯರ್ ಆಗಿ ಸೇತುವೆ ಕಟ್ಟಿಸುತ್ತಾನೆ, ನಾವು ಅದರ ಮೇಲೆ ಬಸ್ಸಿನಲ್ಲಿ ಹೋಗಬೇಕು. ಅದಕ್ಕೇ ಶನಿವಾರ ಮುಂಜಾನೆಯ ಒಂದು ಪಿರಿಯಡ್ ನೀತಿಗೆ ಇಡಿರಿ, ಪುಸ್ತಕ ನಾನು ಕೊಡುತ್ತೇನೆ ಎಂದು ಹಟ ಹಿಡಿದೆ. ತಿಮ್ಮಣ್ಣ ನಿಮ್ಮ ಶಾಲೆಗೆ ಸೆಕ್ರೆಟರಿ, ನನ್ನ ಸೀರೆಗೆ ಬಾದಾಮಿಯ ಅಂಗಡಿಕಾರ. ಎರಡು ಸಲ ಕೈ ಮುಗಿಯಬೇಕಾದ ಮನುಷ್ಯ. ಅವನು ಒಪ್ಪಿದ. ಪಾಠ ಮಾಡುವುದನ್ನು ನಿನಗೇ ಹಚ್ಚಿದ. ಬರುವ ಮಾರ್ಚ್‌ಗೆ ನಿನ್ನ ನೌಕರಿ ಕಾಯಂ ಆಗಬೇಕು, ಆದ್ದರಿಂದ ಚಲೋ ಮಾಡಿ ಕಲಿಸು.

ಪುಸ್ತಕದ ಬೆನ್ನ ಮೇಲೆ ನಮ್ಮ ಅಂಗಡಿಯ ಜಾಹೀರಾತು ಹಾಕಿಸಿದ್ದಕ್ಕೆ ನೀನು ಮುಖ ಗಂಟಿಕ್ಕಿದ್ದು ಕಂಡೆ. ಅಲ್ಲಿ ಏನಿದೆ? ನಮ್ಮ ಸೀರೆಯ ಮೇಲೆ ಹೊಡೆಯುವ ಶಿಕ್ಕಾದಲ್ಲಿ ಇರುವುದೇ: ‘ಅಪ್ಪಟ ಇಲಕಲ್ಲ’. ಖಾಲಿ ಜಾಗ ಬಿಟ್ಟರೆ ಪ್ರೆಸ್ಸಿನವನು ದುಡ್ಡು ಕಡಿಮೆ ಮಾಡುತ್ತಿರಲಿಲ್ಲ.

ನಿನ್ನ ಅವ್ವ ಚಟ್ನಿಪುಡಿ ಕುಟ್ಟಿ ಕಳಿಸಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಅಪ್ಪ
ಅಮಾತೆಪ್ಪ


ಬಾದಾಮಿ
೪ ಸೆಪ್ಟೆಂಬರ್ ೧೯೭೮

ತೀರ್ಥರೂಪ ಅಪ್ಪನವರಿಗೆ ಗುರುಲಿಂಗವ್ವಳ ನಮಸ್ಕಾರಗಳು.

ಮೂರು ಶನಿವಾರ ಪಾಠ ಮಾಡಿದೆ. ನಿಮ್ಮ ಪುಸ್ತಕದ ಮೊದಲ ಪಾಠ, ‘ಸುಳ್ಳು ಹೇಳಬಾರದು’. ಮೊದಲ ವಾರ ಓದಿಸಿದೆ. ಎರಡನೆಯ ವಾರ ಮನೆಯಲ್ಲಿ ಹತ್ತು ಸಲ ಬರೆದು ತರಲು ಹೇಳಿದೆ. ತಂದರು. ನೋಡಿದರೆ ಅರ್ಧ ವರ್ಗದ ನೋಟ್‌ಬುಕ್ಕಿನಲ್ಲಿ ಒಂದೇ ಕೈಬರಹ. ಸುಳ್ಳು ಹೇಳಬಾರದು ಎಂಬುದನ್ನು ಒಬ್ಬಳಿಂದ ಬರೆಸಿ, ಪೇರಲಹಣ್ಣು ಕೊಟ್ಟು, ತಮ್ಮದೆಂದು ತೋರಿಸಿದ್ದರು. ಬೈಯಬೇಕೋ ನಗಬೇಕೋ ತಿಳಿಯದೆ ಸುಮ್ಮನೆ ಸಹಿ ಹಾಕಿದೆ. ಸಹಿ ಹಾಕಿದ ಮೇಲೆ ನನ್ನ ಮೇಲೆಯೇ ಸಿಟ್ಟು ಬಂತು.

ಮೊನ್ನೆ ಶನಿವಾರ ಒಂಬತ್ತನೆಯ ವರ್ಗದ ಸತ್ಯವ್ವ ಎದ್ದು ನಿಂತಳು. ಕುರಿ ಕಾಯುವವರ ಮನೆಯ ಹುಡುಗಿ, ಕಡೆಯ ಬಾಕಿನ ಮೇಲೆ ಕೂಡುತ್ತಾಳೆ. ಕೇಳಿದಳು, “ಟೀಚರ್, ಬಾಯಿ ತೆರೀದ ಹೇಳಿದ್ದು ಸುಳ್ಳಿನ ಲೆಕ್ಕಕ್ಕ ಬರತೈತೇನ್ರಿ?”

“ಅಂದ್ರ?”

“ಅಂದ್ರ ಒಬ್ರು ತಪ್ಪು ತಿಳಕೊಂಡಾರ್ರಿ. ಹಂಗಲ್ಲ ಅಂತ ನಮಗ ಗೊತ್ತೈತ್ರಿ. ನಾವು ಸುಮ್ಮನಿರತೇವಿ. ಅದು?”

ನಿಮ್ಮ ಪುಸ್ತಕದ ಹನ್ನೆರಡೂ ಪಾಠಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಅಪ್ಪ. ಆಗ ನನಗೆ ನಮ್ಮ ಅಂಗಡಿಯ ಕಟ್ಟೆ ನೆನಪಾಯಿತು. ನಾನು ಸಣ್ಣವಳಿದ್ದಾಗ ನೀವು ಸೆರಗಿನ ಎಳೆ ಒಂದನ್ನು ಹಿರಿದು ಕಡ್ಡಿ ಗೀರಿ ಸುಡುತ್ತಿದ್ದಿರಿ. “ಕಣ್ಣ ಮುಚ್ಚು. ಮೂಗಿಗೆ ಕೇಳು. ಕೂದಲ ಸುಟ್ಟಂಗ ನಾತ ಬಂದ್ರ ರೇಷ್ಮಿ, ಕಾಗದ ಸುಟ್ಟಂಗ ಬಂದ್ರ ಚಮಕಾ” ಎನ್ನುತ್ತಿದ್ದಿರಿ. ನನ್ನ ಜೀವನದ ಮೊದಲ ನೀತಿ ಪಾಠ ಅದೇ ಎಂದು ನನಗೆ ಈಗ ಅನ್ನಿಸುತ್ತದೆ. ಬಾಯಿ ಮುಚ್ಚಿಕೊಂಡು ಸುಳ್ಳು ಹೇಳುವ ವಸ್ತುವೂ ಇರುತ್ತದೆ, ಅದನ್ನು ಹಿಡಿಯುವುದು ಹೀಗೆ ಎಂದು ತೋರಿಸಬೇಕೆಂದು ಆಫೀಸಿನಿಂದ ಮೇಣಬತ್ತಿ ತರಿಸಿದೆ. ಚಮಕಾ ಎಂದರೆ ಕಾರ್ಖಾನೆಯ ನಕಲಿ ರೇಷ್ಮೆ ಎಂದು ವಿವರಿಸಿದೆ. ರೇಷ್ಮೆ ಹೇಗೆ ಸುಡುತ್ತದೆ ನೋಡಿರಿ ಎಂದು ನಾನು ಉಟ್ಟ ಸೀರೆಯ ಸೆರಗಿನ ತುದಿಯಿಂದ ಒಂದು ಎಳೆ ಹಿರಿದೆ. ನೌಕರಿಗೆ ಸೇರಿದ ದಿನ “ಅಪ್ಪಟ ಐತಿ, ಉಟಗೊಂಡು ಹೋಗು” ಎಂದು ನೀವು ಕೊಟ್ಟ ನೀಲಿ ಸೀರೆ, ಕೆಂಪು ಸೆರಗಿನದು.

ಭಗ್ ಎಂದು ಉರಿದು ಹೋಯಿತು. ಕಾಗದದ ವಾಸನೆ.

ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ನಾನು, “ಇದು ಸೆರಗಿಂದಲ್ಲ, ಅಂಚು ಹೊಲಿದ ದಾರ ಬಂದಿರಬೇಕು” ಎಂದುಬಿಟ್ಟೆ. ಸುಳ್ಳು ಹೇಳಬಾರದು ಎಂದು ಹಲಗೆಯ ಮೇಲೆ ನನ್ನ ಕೈಯಿಂದಲೇ ಬರೆದಿತ್ತು, ಅದರ ಕೆಳಗೇ ನಿಂತಿದ್ದೆ.

ಆ ಸೀರೆಯ ಸೆರಗು ಏನು, ಅಪ್ಪ? ಬೇರೆ ಏನೂ ಕೇಳುವುದಿಲ್ಲ.

ಅವ್ವನಿಗೆ ಚಟ್ನಿಪುಡಿ ಮುಟ್ಟಿತೆಂದು ಹೇಳಿರಿ.

ನಿಮ್ಮ
ಗುರುಲಿಂಗವ್ವ


ಇಲಕಲ್ಲ
೧೩ ಸೆಪ್ಟೆಂಬರ್ ೧೯೭೮

ಚಿ. ಗುರುಲಿಂಗವ್ವಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಇಲ್ಲಿ ಮಳೆ ಚೆನ್ನಾಗಿ ಹಿಡಿದಿದೆ. ನೇಕಾರರು ಕಾಲು ಇಳಿಬಿಡುವ ಮಗ್ಗದ ಕುಣಿಗಳಲ್ಲಿ ನೀರು ಬಂದು ನಾಲ್ಕು ದಿನ ಮಗ್ಗ ನಿಂತವು. ನೂಲಿನ ದರ ಏರಿದೆ. ರೇಷ್ಮೆಯ ದರವನ್ನಂತೂ ಕೇಳಲೇಬೇಡ, ಬೆಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ದಾರಿಯಲ್ಲಿ ಒಬ್ಬೊಬ್ಬನೂ ಒಂದೊಂದು ಕೈ ಹಾಕುತ್ತಾನೆ. ನಿನ್ನ ಅವ್ವನಿಗೆ ಮೊಣಕಾಲು ನೋವು, ಎಣ್ಣೆ ತಿಕ್ಕುತ್ತಾಳೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಮುಖ್ಯವಾದದ್ದನ್ನು.

ಹುಡುಗಿಯರು ಪೇರಲಹಣ್ಣು ಕೊಟ್ಟು ಬರೆಸಿದ್ದಕ್ಕೆ ನೀನು ಸಹಿ ಹಾಕಿದ್ದು ತಪ್ಪು. ಕಿವಿ ಹಿಂಡಬೇಕಾಗಿತ್ತು. ಎರಡನೆಯ ಪಾಠ ‘ಹಿರಿಯರಿಗೆ ವಿಧೇಯತೆ’ ಬಹಳ ಉಪಯುಕ್ತವಾದದ್ದು. ಮೊದಲನೆಯದರಲ್ಲೇ ಎಷ್ಟು ದಿನ ಕೂಡುತ್ತೀ? ಮುಂದೆ ಹೋಗು.

ಮತ್ತೊಂದು ಮಾತು. ವರ್ಗದಲ್ಲಿ ಮೇಣಬತ್ತಿ ಹಚ್ಚಬಾರದು. ಹೆಣ್ಣುಮಕ್ಕಳ ಶಾಲೆ, ಬೆಂಕಿ ಅಪಾಯದ್ದು.

ನಿನ್ನ ಅಪ್ಪ
ಅಮಾತೆಪ್ಪ


ಬಾದಾಮಿ
೨೫ ಸೆಪ್ಟೆಂಬರ್ ೧೯೭೮

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಮಳೆ, ಮಗ್ಗ, ಮೊಣಕಾಲು ಎಲ್ಲ ತಿಳಿಯಿತು. ಸೆರಗು ತಿಳಿಯಲಿಲ್ಲ.

ನೀವು ಮುಂದಿನ ಪಾಠಕ್ಕೆ ಹೋಗು ಎಂದಿರಿ. ಮೊದಲನೆಯ ಪಾಠ ನನ್ನನ್ನು ಬಿಡುತ್ತಿಲ್ಲ. ಆ ಶನಿವಾರ ಸತ್ಯವ್ವ ಮನೆಗೆ ಹೋಗಿ ತನ್ನ ಅಕ್ಕನ ಲಗ್ನದ ಸೀರೆಯ ಎಳೆ ಸುಟ್ಟು ನೋಡಿದ್ದಾಳೆ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಎಳೆ ಕಾಗದದಂತೆ ಉರಿದಿದೆ. ಅಕ್ಕ ಅತ್ತಿದ್ದಾಳೆ. ರೇಷ್ಮೆ ಸೆರಗು ಎಂದು ಬೀಗರ ಮುಂದೆ ಹರವಿ ತೋರಿಸಿ ಕೊಟ್ಟ ಸೀರೆ ಅದು. ಅವರ ತಾಯಿ ಹನಮವ್ವ ಎರಡು ಟಗರು ಮಾರಿ ತಿಮ್ಮಣ್ಣನವರ ಅಂಗಡಿಯಲ್ಲಿ ಕೊಂಡದ್ದು. ಮೇಲೆ ನಮ್ಮ ಶಿಕ್ಕಾ ಇದೆ. ನಾನು ನೋಡಿದೆ.

ಹನಮವ್ವ ಅಂಗಡಿಗೆ ಹೋಗಿ ಕೇಳಿದಳಂತೆ. ತಿಮ್ಮಣ್ಣನವರು, ನಿನ್ನ ಮಗಳು ಶಾಲೆಯಲ್ಲಿ ಕಡ್ಡಿ ಗೀರುವುದನ್ನೂ ಸುಳ್ಳು ಹೇಳುವುದನ್ನೂ ಕಲಿತಿದ್ದಾಳೆ ಎಂದು ನಾಲ್ಕು ಗಿರಾಕಿಗಳ ಮುಂದೆ ಬೈದು ಕಳಿಸಿದ್ದಾರೆ. ಮೊನ್ನೆ ಆಕೆ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೇ ಬಂದಳು. ಹೆಡ್‌ಮಾಸ್ತರರು ಸೆಕ್ರೆಟರಿಯವರನ್ನೂ ನನ್ನನ್ನೂ ಕರೆಸಿದರು.

“ಇಲಕಲ್ಲದಿಂದ ಹ್ಯಾಂಗ ಬಂತೋ ಹಂಗ ಮಾರೇನಿ” ಎಂದರು ತಿಮ್ಮಣ್ಣನವರು. “ಕೇಳೂದಿದ್ರ ಈ ಟೀಚರ್ ಅಪ್ಪನ್ನ ಕೇಳ. ನೀತಿ ಪುಸ್ತಕ ಹಂಚಿದಾಂವ ಸುಳ್ಳ ಸೀರಿ ಕಳಸ್ತಾನೇನು? ನಿನ್ನ ಮಗಳs ಸುಳ್ಳಿ.”

ಹನಮವ್ವ ಕೂಡಲಿಲ್ಲ. ಕುರ್ಚಿ ಕೊಟ್ಟರೂ ನಿಂತೇ ಹೇಳಿದಳು, “ಯಪ್ಪಾ, ನಾ ರೊಕ್ಕ ಕೇಳಾಕ ಬಂದಿಲ್ಲ. ಸೀರಿ ಬ್ಯಾರೆ ಕೊಡ್ರಿ ಅಂತನೂ ಬಂದಿಲ್ಲ. ಹುಡುಗಿ ಖರೆ ಹೇಳತಾಳೋ, ಸುಳ್ಳ ಹೇಳತಾಳೋ? ಸುಳ್ಳಂದ್ರ ನಾನs ನಾಲ್ಕು ಬಡದು ಕುರಿ ಹಿಂದ ಕಳಸ್ತೇನಿ. ಖರೆ ಅಂದ್ರ ಸಾಲಿಗೆ ಬರ್ಲಿ. ನೀವು ಕಲ್ತಾವರು ಅಷ್ಟ ಹೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು, “ನಮ್ಮಪ್ಪಗ ಬರದು ಕೇಳತೇನಿ” ಎಂದೆ. ಮತ್ತೊಮ್ಮೆ ಬಾಯಿ ಮುಚ್ಚಿಕೊಂಡಂತೆಯೇ ಆಯಿತು.

ಅಕ್ಟೋಬರ್ ಏಳು, ಶನಿವಾರ, ಪ್ರಾರ್ಥನೆ ಮುಗಿದ ಕೂಡಲೇ ಸತ್ಯವ್ವ ಇಡೀ ಶಾಲೆಯ ಮುಂದೆ ನಿಂತು ‘ನಾನು ಸುಳ್ಳು ಹೇಳಿದೆ’ ಎಂದು ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಶಾಲೆಯ ಮಂಡಳಿಯ ಆರ್ಡರ್ ಆಗಿದೆ. ನೀತಿ ಪಾಠದ ಪಿರಿಯಡ್ಡಿನಲ್ಲಿಯೇ ಇದನ್ನು ಮಾಡಿಸಬೇಕಂತೆ.

ಅಪ್ಪ, ಒಂದು ಸಾಲು ಬರೆದು ಕೊಡಿರಿ. ಸೆರಗು ಚಮಕಾ ಎಂದು, ಅಷ್ಟೇ. ನೀವು ಬರೆದರೆ ಹುಡುಗಿ ಉಳಿಯುತ್ತಾಳೆ.

ಗುರುಲಿಂಗವ್ವ


ಇಲಕಲ್ಲ
೨೯ ಸೆಪ್ಟೆಂಬರ್ ೧೯೭೮

ಚಿ. ಗುರುಲಿಂಗವ್ವಳಿಗೆ.

ನೀನು ಬಿ.ಎಡ್. ಕಲಿತವಳು, ನಾನು ನಾಲ್ಕನೇ ಇಯತ್ತೆ. ಆದರೂ ಓದು ಬರಹ ನನಗೂ ಸ್ವಲ್ಪ ಬರುತ್ತದೆ. ನಮ್ಮ ಶಿಕ್ಕಾದಲ್ಲಿ ಏನಿದೆ, ಇನ್ನೊಮ್ಮೆ ಓದು. ‘ಅಪ್ಪಟ ಇಲಕಲ್ಲ.’ ಸೀರೆ ಇಲಕಲ್ಲದ್ದು ಹೌದೋ ಅಲ್ಲವೋ? ಇಲ್ಲಿಯ ಕುಣಿಮಗ್ಗದ ಮೇಲೆ, ಇಲ್ಲಿಯ ನೇಕಾರ ಕೂತು, ಮೈ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿ ನೇಯ್ದದ್ದು ಹೌದೋ ಅಲ್ಲವೋ? ರೇಷ್ಮೆ ಎಂಬ ಶಬ್ದ ಎಲ್ಲಿದೆ? ನಾನು ಯಾವ ಗಿರಾಕಿಗೂ ಬಾಯಿಬಿಟ್ಟು ರೇಷ್ಮೆ ಎಂದಿಲ್ಲ. ಅಪ್ಪಟ ಎನ್ನುತ್ತೇನೆ. ಅವರು ತಮಗೆ ಬೇಕಾದದ್ದನ್ನು ತಿಳಿದುಕೊಳ್ಳುತ್ತಾರೆ. ಅವರು ತಿಳಿದುಕೊಂಡದ್ದಕ್ಕೆ ನಾನು ಹೊಣೆಯೇ?

ಪೇಟೆಯಲ್ಲಿ ನನ್ನೊಬ್ಬನದೇ ಅಂಗಡಿ ಇದೆಯೇ? ಎಲ್ಲರ ಶಿಕ್ಕಾದಲ್ಲೂ ಅದೇ ಶಬ್ದ. ರೇಷ್ಮೆ ಬೇಕೆಂದವರಿಗೆ ರೇಷ್ಮೆಯ ದರ, ಅಪ್ಪಟ ಬೇಕೆಂದವರಿಗೆ ಅಪ್ಪಟದ ದರ. ತಿಮ್ಮಣ್ಣನಿಗೆ ಯಾವುದು ಏನೆಂದು ಚೆನ್ನಾಗಿ ಗೊತ್ತು. ಅವನು ಅಲ್ಲಿ ಏನು ಹೇಳಿ ಎಷ್ಟಕ್ಕೆ ಮಾರಿದನೋ ಅವನಿಗೇ ಗೊತ್ತು. ಈಗ ನಾನು ಚಮಕಾ ಎಂದು ಕೈಬರಹದಲ್ಲಿ ಬರೆದು ಕೊಟ್ಟರೆ ಹುನಗುಂದ, ಬಾಗಲಕೋಟೆ, ಗುಳೇದಗುಡ್ಡ ಎಲ್ಲ ಕಡೆಯಿಂದ ಗಂಟು ಹೊತ್ತು ಬರುತ್ತಾರೆ. ನೀನು ಓದಿದ್ದು ಯಾವುದರಿಂದ, ಬಾಗಲಕೋಟೆಯ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಊಟ ಮಾಡಿದ್ದು ಯಾವುದರಿಂದ, ಅದನ್ನೂ ಒಂದು ಸಲ ವಿಚಾರ ಮಾಡು.

ಹುಡುಗಿ ಒಂದು ಸಲ ತಪ್ಪಾಯಿತು ಎಂದರೆ ಏನು ಹೋಗುತ್ತದೆ? ಸಣ್ಣವರು ಮರೆಯುತ್ತಾರೆ. ದೊಡ್ಡವರು ಮರೆಯುವುದಿಲ್ಲ, ಮಾರ್ಚ್‌ನಲ್ಲಿ ನಿನ್ನ ನೌಕರಿಯ ಕಾಗದದ ಮೇಲೆ ಸಹಿ ಹಾಕುವವನು ತಿಮ್ಮಣ್ಣ. ಆ ಹುಡುಗಿಗೆ ನಾನು ಬೇರೆ ರೀತಿಯಲ್ಲಿ ಸಮಾಧಾನ ಮಾಡುತ್ತೇನೆ.

ಸಿಟ್ಟಿನಲ್ಲಿ ಬರೆದಿದ್ದೇನೆ. ಹರಿದು ಬೇರೆ ಬರೆಯಬಹುದಾಗಿತ್ತು, ಇನ್‌ಲ್ಯಾಂಡ್ ಕಾಗದ ದಂಡವಾಗುತ್ತದೆ.

ಅಪ್ಪ


ಬಾದಾಮಿ
೨ ಅಕ್ಟೋಬರ್ ೧೯೭೮

ಅಪ್ಪನವರಿಗೆ.

ನಾನು ಓದಿದ್ದು ಯಾವುದರಿಂದ ಎಂಬುದನ್ನು ಮರೆತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ, ತಿಮ್ಮಣ್ಣನವರನ್ನು ಕೇಳುತ್ತಿಲ್ಲ.

ಸತ್ಯವ್ವ ಕೇಳಿದ ಪ್ರಶ್ನೆಗೆ ನಿಮ್ಮ ಕಾಗದವೇ ಉತ್ತರ. ಅದನ್ನು ವರ್ಗದಲ್ಲಿ ಓದಿದರೆ ಇಡೀ ವರ್ಷದ ಪಾಠ ಮುಗಿಯುತ್ತದೆ. ಓದುವುದಿಲ್ಲ, ಹೆದರಬೇಡಿರಿ.

ಶುಕ್ರವಾರದ ಟಪಾಲಿನವರೆಗೆ ನಿಮ್ಮ ಒಂದು ಸಾಲಿನ ದಾರಿ ಕಾಯುತ್ತೇನೆ.

ಗುರುಲಿಂಗವ್ವ


ಬಾದಾಮಿ
೮ ಅಕ್ಟೋಬರ್ ೧೯೭೮

ಅಪ್ಪನವರಿಗೆ ನಮಸ್ಕಾರ.

ಶುಕ್ರವಾರ ನಿಮ್ಮ ಪಾರ್ಸೆಲ್ ಬಂತು. ಪೋಸ್ಟಿನಲ್ಲೇ ನಿಂತು ಬಿಚ್ಚಿದೆ. ಪೆನ್ನು ಇತ್ತು, ಬಂಗಾರದ ಬಣ್ಣದ ಟೊಪ್ಪಿಗೆಯದು. ‘ಕು. ಸತ್ಯವ್ವಳಿಗೆ ಜಾಣತನದ ಬಗ್ಗೆ ಬಹುಮಾನ’ ಎಂಬ ಚೀಟಿ ಇತ್ತು. ಡಬ್ಬಿಯ ತಳದವರೆಗೆ ಹುಡುಕಿದೆ. ಸಾಲು ಇರಲಿಲ್ಲ.

ಶನಿವಾರ ಮುಂಜಾನೆ ಪ್ರಾರ್ಥನೆಯಾದ ಮೇಲೆ ಹೆಡ್‌ಮಾಸ್ತರರು ಸತ್ಯವ್ವಳ ಹೆಸರು ಕರೆದರು. ತಿಮ್ಮಣ್ಣನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹುಡುಗಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಏನು ಹೇಳಬೇಕೆಂದು ಒಬ್ಬರು ಟೀಚರ್ ಕಾಗದದಲ್ಲಿ ಬರೆದು ಕೊಟ್ಟಿದ್ದರು. ಅವಳು ಕಾಗದ ನೋಡಲಿಲ್ಲ, ನನ್ನನ್ನೇ ನೋಡಿದಳು. ಅವಳಿಗಿಂತ ಮೊದಲು ನಾನು ಕಟ್ಟೆ ಹತ್ತಿದೆ.

ಇಷ್ಟೇ ಹೇಳಿದೆ. ಸತ್ಯವ್ವ ಹೇಳಿದ್ದು ಖರೆ. ಮೇಣಬತ್ತಿಯ ದಿನ ಸುಳ್ಳು ಹೇಳಿದವಳು ನಾನು. ಸುಟ್ಟದ್ದು ನನ್ನ ಸೆರಗಿನ ಎಳೆಯೇ, ಹೊಲಿದ ದಾರ ಅಲ್ಲ. ಆ ಸೀರೆ ನಮ್ಮ ಅಪ್ಪನ ಅಂಗಡಿಯದು.

ತಿಮ್ಮಣ್ಣನವರು, “ಟೀಚರ್, ಇದು ಹೇಳೂ ಜಾಗಾ ಅಲ್ರಿ” ಎಂದರು. ನೀತಿ ಪಾಠದ ಪಿರಿಯಡ್ ಇದೇ ಅಲ್ಲವೇ ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗಂಟೆ ಹೊಡೆದರು.

ಸತ್ಯವ್ವಳ ಹೆಸರು ತೆಗೆಯಲಿಲ್ಲ. ನಾಲ್ಕು ನೂರು ಹುಡುಗಿಯರು ಕೇಳಿಸಿಕೊಂಡ ಮೇಲೆ ತೆಗೆಯುವುದು ಅವರಿಗೂ ಕಷ್ಟ. ಶನಿವಾರದ ನೀತಿ ಪಾಠವನ್ನು ತೆಗೆದರು. ಆ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರೆ.

ಪೆನ್ನು ಹಿಂದಕ್ಕೆ ಕಳಿಸಿದ್ದೇನೆ. ಇಂಕು ತುಂಬಿದೆ. ನಿಮಗೆ ಬೇಕಾಗಬಹುದು.

ದೀಪಾವಳಿಗೆ ಬರುವುದಾಗುವುದಿಲ್ಲ. ಅವ್ವನಿಗೆ ಏನಾದರೂ ಕಾರಣ ಹೇಳಿರಿ, ಅದು ನಿಮಗೆ ಬರುತ್ತದೆ.

ಗುರುಲಿಂಗವ್ವ


ಇಲಕಲ್ಲ
೫ ನವೆಂಬರ್ ೧೯೭೮

ಚಿ. ಗುರುಲಿಂಗವ್ವಳಿಗೆ ಅಪ್ಪನ ಆಶೀರ್ವಾದ, ಬೇಕಾದರೆ ಇಟ್ಟುಕೋ.

ಈ ಕಾಗದವನ್ನು ಆ ಪೆನ್ನಿನಿಂದ ಬರೆಯುತ್ತಿದ್ದೇನೆ. ಮೊನೆ ಸ್ವಲ್ಪ ದಪ್ಪ.

ಕಾರಣ ಹೇಳುವುದು ನನಗೆ ಬರುತ್ತದೆ ಎಂದು ನೀನು ಬರೆದಿದ್ದೆ. ಹೇಳಿದೆ. ಶಾಲೆಯಲ್ಲಿ ಪರೀಕ್ಷೆಯ ಕೆಲಸವಿದೆ, ಗುರುಲಿ ಬರುವುದಿಲ್ಲ ಎಂದೆ. ನಿನ್ನ ಅವ್ವ ಹೂಂ ಎಂದಳು. ಓದಲು ಬಾರದವಳು, ನಾನು ಓದಿದ್ದನ್ನೇ ಕೇಳುವವಳು ಎಂದು ಇಷ್ಟು ವರ್ಷ ತಿಳಿದಿದ್ದೆ. ನಿನ್ನ ಕಾಗದಗಳನ್ನೆಲ್ಲ ಅವಳು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದು ಬಾಜೂ ಮನೆಯ ಶಹರಬಾನು ಹುಡುಗಿಯಿಂದ ಓದಿಸಿದ್ದಾಳೆ. ಮುಖ್ಯವಾದದ್ದನ್ನೂ, ಮುಖ್ಯವಲ್ಲದ್ದನ್ನೂ.

ದೀಪಾವಳಿಯ ಮುಂಜಾನೆ ನಾನು ಅಂಗಡಿಯ ಪೂಜೆಗೆ ಹೊರಟಾಗ ನಡುಮನೆಯಲ್ಲಿ ಟ್ರಂಕು ತೆರೆದು ಕೂತಿದ್ದಳು. ಲಗ್ನದ ಸೀರೆ ತೊಡೆಯ ಮೇಲೆ. ಕೈಯಲ್ಲಿ ಕಡ್ಡಿಪೆಟ್ಟಿಗೆ.

“ಏನ್ ಮಾಡಾಕತ್ತೀ ಸಿದ್ದವ್ವಾ?” ಎಂದೆ.

“ನೀತಿ ಪಾಠ” ಎಂದಳು.

“ಹಬ್ಬದ ದಿನ ಹುಚ್ಚರಂಗ ಮಾಡಬ್ಯಾಡ, ಕೊಡಿಲ್ಲೆ.”

“ಯಾಕ? ಅಂಜಿಕಿ ಬರತದೇನು?”

ಕಸಿದುಕೊಳ್ಳಲು ಹೋದೆ. ಅಷ್ಟರಲ್ಲಿ ಗೀರಿದಳು. ನಿಜ ಹೇಳುತ್ತೇನೆ, ನನಗೂ ನೆನಪಿರಲಿಲ್ಲ ಯಾವುದನ್ನು ತಂದಿದ್ದೆ ಎಂದು. ಆಗ ನಾನು ಗಂಟು ಹೊರುವವನು, ಸ್ವಂತ ಚಪ್ಪಲಿ ಇರಲಿಲ್ಲ. ಎಳೆ ಉರಿಯಲಿಲ್ಲ. ಸುರುಳಿಯಾಗಿ ಮುದುಡಿ ಕಪ್ಪು ಗುಳಿಗೆಯಂತಾಗಿ ನಿಂತಿತು. ನಡುಮನೆಯ ತುಂಬ ಕೂದಲು ಸುಟ್ಟ ನಾತ.

ಗೆದ್ದೆ ಎಂದುಕೊಂಡೆ. ನಿನ್ನ ಅವ್ವ ಬೂದಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಸೀರೆ ಮಡಿಸುತ್ತ ಕೇಳಿದಳು, “ಕಾಲಾಗ ಕೆರಾ ಇಲ್ದಾಂವ ಇಂಥಾದ ತಂದಿದ್ದ. ಅಂವ ಎಲ್ಲಿ ಹೋದ?”

ಪೂಜೆಯ ಹೊತ್ತಾಗಿತ್ತು. ಹೋದೆ.

ನೀನು ಕೇಳಿದ ಸಾಲನ್ನು ನಾನು ಬರೆದಿದ್ದೆ, ಇದನ್ನು ನೀನು ನಂಬಬೇಕಾಗಿಲ್ಲ. ಅಂಚೆ ಡಬ್ಬಿಯವರೆಗೂ ಒಯ್ದಿದ್ದೆ. ಅಲ್ಲಿ ಎದುರಿನ ಸೀರೆ ಅಂಗಡಿಯ ಶಂಕ್ರಪ್ಪ ನಿಂತಿದ್ದ. ಏನೋ ಅಮಾತೆಪ್ಪ, ಯಾರಿಗೆ ಕಾಗದ ಎಂದ. ಯಾರಿಗೂ ಇಲ್ಲ ಎಂದು ಜೇಬಿನಲ್ಲಿ ಇಟ್ಟುಕೊಂಡೆ. ಮರುದಿನ ಪೆನ್ನು ಕಳಿಸಿದೆ.

ಈಗ ಬರೆಯುತ್ತೇನೆ, ತಿಂಗಳು ಮೀರಿದೆ ಎಂದು ಗೊತ್ತು. ನಿನ್ನ ನೀಲಿ ಸೀರೆಯ ಸೆರಗು ಚಮಕಾ. ಹನಮವ್ವನ ಮಗಳ ಲಗ್ನದ ಸೀರೆಯ ಸೆರಗೂ ಚಮಕಾ. ಎರಡೂ ನನ್ನ ಮಗ್ಗದವು. ಇದೇ ಮಾತನ್ನು ಬರೆದು ಸಹಿ ಹಾಕಿ ನಿಮ್ಮ ಹೆಡ್‌ಮಾಸ್ತರರಿಗೆ ರಜಿಸ್ಟರ್ ಟಪಾಲಿನಲ್ಲಿ ಕಳಿಸಿದ್ದೇನೆ.

ಹೊಸ ಶಿಕ್ಕಾ ಮಾಡಿಸಲು ಕೊಟ್ಟಿದ್ದೇನೆ: ‘ಇಲಕಲ್ಲ ಸೀರೆ. ಮೈ ಹತ್ತಿ, ಸೆರಗು ಚಮಕಾ.’ ಶಿಕ್ಕಾ ಮಾಡುವ ಇಬ್ರಾಹಿಂಸಾಬ ಎರಡು ಸಲ ಕೇಳಿದ, “ಖರೇನs ಹಿಂಗs ಕೊರೀಲ್ಯಾ, ಸಾವಕಾರ?” ಶಂಕ್ರಪ್ಪನಿಗೂ ಸುದ್ದಿ ಮುಟ್ಟಿದೆ. ನಿನ್ನೆ ಪೇಟೆಯ ನಡುವೆ ನಿಂತು ಕೂಗಿದ, “ಲೇ ಅಮಾತೆಪ್ಪಾ, ಸೀರಿ ಮಾರತೀಯೋ, ಪೊಲೀಸ ಠಾಣೇದಾಗ ಕಬೂಲಿ ಕೊಡತೀಯೋ?”

ನಿನ್ನ ಅವ್ವ ಕರ್ಚೀಕಾಯಿ ಕಳಿಸಿದ್ದಾಳೆ. ನಾನು ಮುಟ್ಟಿಲ್ಲ, ಎಣಿಸಿ ಕಟ್ಟಿದ್ದಾಳೆ.

ಅಪ್ಪ


ಬಾದಾಮಿ
೩೦ ಮಾರ್ಚ್ ೧೯೭೯

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ರಜಿಸ್ಟರ್ ಕಾಗದವನ್ನು ಹೆಡ್‌ಮಾಸ್ತರರು ಅಂದೇ ಓದಿ ಡ್ರಾವರಿನಲ್ಲಿ ಇಟ್ಟಿದ್ದರು. ಪ್ರಾರ್ಥನೆಯಲ್ಲಿ ಓದಿರಿ ಎಂದು ನಾಲ್ಕಾರು ಸಲ ಕೇಳಿದೆ. ಸಮಯ ನೋಡಿ ಓದೋಣ ಎಂದರು. ಶಾಲೆಯ ವರ್ಷವೇ ಮುಗಿಯಿತು, ಸಮಯ ಬರಲಿಲ್ಲ. ಒಳ್ಳೆಯ ಮನುಷ್ಯರು. ಅದಕ್ಕೇ ಸಿಟ್ಟು ಬರುತ್ತದೆ.

ನಿನ್ನೆ ನನಗೂ ಒಂದು ಕಾಗದ ಕೊಟ್ಟರು. ಸೇವೆ ಸಮಾಧಾನಕರವಾಗಿಲ್ಲದ ಕಾರಣ ಕಾಯಂ ಮಾಡಲಾಗುವುದಿಲ್ಲ ಎಂದಿದೆ. ಸಹಿ ತಿಮ್ಮಣ್ಣನವರದು, ನೀವು ಹೇಳಿದಂತೆ. ಹುನಗುಂದದ ಒಂದು ಶಾಲೆಗೆ ಅರ್ಜಿ ಹಾಕಿದ್ದೇನೆ. ನೀವು ನನ್ನ ಸಲುವಾಗಿ ಅಲ್ಲಿ ಯಾರಿಗೂ ಮಾತು ಹೇಳಬೇಡಿರಿ.

ಈ ವರ್ಷ ಪರೀಕ್ಷೆಯ ಹೊತ್ತಿಗೆ ನಮ್ಮ ಕಂಪೌಂಡಿಗೂ ನಿಚ್ಚಣಿಕೆ ಬಂದಿತ್ತು. ಗಣಿತದ ದಿನ.

ಗುರುಲಿಂಗವ್ವ


ಇಲಕಲ್ಲ
೧೨ ಜೂನ್ ೧೯೭೯

ಚಿ. ಗುರುಲಿಂಗವ್ವಳಿಗೆ ಆಶೀರ್ವಾದ.

ಹುನಗುಂದದಲ್ಲಿ ಕೆಲಸವಾಯಿತೆಂದು ತಿಳಿದು ಸಮಾಧಾನವಾಯಿತು. ನಾನು ಯಾರಿಗೂ ಮಾತು ಹೇಳಿಲ್ಲ. ಹೇಳಿದ್ದರೆ ಕಾಯಂ ನೌಕರಿ ಸಿಗುತ್ತಿತ್ತು, ಈಗ ಟೆಂಪರರಿ ಸಿಕ್ಕಿದೆ. ಅಲ್ಲಿ ನೀತಿ ಪಾಠ ಇಲ್ಲವೆಂದೂ ಭೂಗೋಳ ಕಲಿಸುತ್ತೀಯೆಂದೂ ಬರೆದಿದ್ದೀ. ಭೂಗೋಳದಲ್ಲಿ ಕಡ್ಡಿ ಗೀರುವ ಪ್ರಸಂಗ ಬರಲಿಕ್ಕಿಲ್ಲ ಎಂದುಕೊಂಡಿದ್ದೇನೆ, ನಿನ್ನ ಭರವಸೆ ಇಲ್ಲ.

ಹೋದ ವಾರ ಬಾದಾಮಿಗೆ ಹೋಗಿದ್ದೆ, ಬಸ್ಸಿನಲ್ಲಿ. ಹನಮವ್ವನಿಗೆ ರೇಷ್ಮೆ ಸೆರಗಿನ ಸೀರೆ ಒಯ್ದಿದ್ದೆ. ಆಕೆ ಬಾಗಿಲಲ್ಲೇ ನಿಲ್ಲಿಸಿ, ಎಳೆ ಹಿರಿದು, ನನ್ನ ಕಣ್ಣೆದುರಿಗೇ ಸುಟ್ಟು ಮೂಸಿ ನೋಡಿ, ಆಮೇಲೆ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. “ಏನೂ ತಿಳಕೋಬ್ಯಾಡ್ರಿ ಸಾವಕಾರ, ಹುಡುಗಿ ಕಲಿಸ್ಯಾಳ” ಎಂದಳು. ಸಿಟ್ಟು ಬಂದಿತ್ತು. ಮಜ್ಜಿಗೆ ಕುಡಿದೆ. ಸತ್ಯವ್ವ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೀನು ಧ್ವಜದ ದಿನ ನೋಡದೆ ತಲೆ ತಗ್ಗಿಸಿದೆಯಲ್ಲ, ಅದಕ್ಕಿಂತ ಇದು ಕಠಿಣ.

ವರ್ಷದ ಈ ವ್ಯವಹಾರದಲ್ಲಿ ಯಾರಿಗೆ ಏನು ದಕ್ಕಿತೆಂದು ಬರೆದು ಮುಗಿಸುತ್ತೇನೆ.

ತಿಮ್ಮಣ್ಣ: ಮತ್ತೆ ಸೆಕ್ರೆಟರಿ. ಈಗ ಶಂಕ್ರಪ್ಪನ ಮಾಲು ಮಾರುತ್ತಾನೆ. ಅದರ ಮೇಲೆ ಅಪ್ಪಟ ಎಂದೇ ಇದೆ.

ಶಂಕ್ರಪ್ಪ: ನನ್ನ ಬಾದಾಮಿ ಪೇಟೆ.

ನಿಮ್ಮ ಹಳೆಯ ಶಾಲೆ: ಶನಿವಾರ ಒಂದು ಗಣಿತದ ಪಿರಿಯಡ್.

ಹನಮವ್ವ: ಒಂದು ಸೀರೆ, ಪರೀಕ್ಷೆ ಮಾಡಿ ತೆಗೆದುಕೊಂಡದ್ದು.

ಸತ್ಯವ್ವ: ಹತ್ತನೆಯ ವರ್ಗಕ್ಕೆ ಪಾಸು. ಹುಡುಗಿಯರು ಇಟ್ಟ ಹೆಸರು ಕಡ್ಡಿಪೆಟ್ಟಿಗೆ.

ನೀನು: ಕಾಯಂ ನೌಕರಿ ಹೋಯಿತು. ಬಂದದ್ದೇನೆಂದು ನೀನೇ ಬರೆದುಕೋ, ನನಗೆ ಅದರ ದರ ಗೊತ್ತಿಲ್ಲ.

ನಿನ್ನ ಅವ್ವ: ಲಗ್ನದ ಸೀರೆಯಲ್ಲಿ ಒಂದು ಎಳೆ ಕಡಿಮೆ. ಕಾಗದ ಓದಲು ಶಹರಬಾನು, ಕಾಯಂ.

ನಾನು: ನೀತಿ ಪುಸ್ತಕದ ಒಂದು ಗಂಟು ಹಿಂದಕ್ಕೆ ಬಂದಿದೆ. ಸೀರೆಯ ಮಡಿಕೆ ಕೆಡದಂತೆ ನಡುವೆ ಇಡುತ್ತೇನೆ, ಅಳತೆ ಸರಿಯಾಗುತ್ತದೆ. ಹೊಸ ಶಿಕ್ಕಾದ ಮಾಲು, ಮೊದಲು ಮೂರು ಹೋಗುತ್ತಿದ್ದಲ್ಲಿ ಈಗ ಒಂದು ಹೋಗುತ್ತದೆ. ಹಳೆಯ ಶಿಕ್ಕಾದ ಮಾಲು ಒಂದು ಕಪಾಟು ತುಂಬ ಇದೆ. ಮೊನ್ನೆ ಹುನಗುಂದದ ಗಿರಾಕಿಯೊಬ್ಬ ಅಪ್ಪಟವೇ ಬೇಕೆಂದು ನಗದು ಹಿಡಿದು ನಿಂತಿದ್ದ. ಕೈ ಕಪಾಟಿನ ಕಡೆಗೆ ಹೋಯಿತು. ಬೀಗ ಹಾಕಿತ್ತು. ಕೀಲಿಕೈ ನಿನ್ನ ಅವ್ವನ ಸೊಂಟದಲ್ಲಿ.

ನೀತಿ ಪಾಠ ಕಲಿತವರು: ಸತ್ಯವ್ವ, ಪೂರ್ತಿ. ನಾನು, ಅರ್ಧ. ಉಳಿದರ್ಧ ಆ ಕಪಾಟಿನಲ್ಲಿದೆ.

ನಿನ್ನ ಅಪ್ಪ
ಅಮಾತೆಪ್ಪ